ಹಸುವಿನ ಬೆನ್ನು ಬಿಟ್ಟು ಟ್ರ್ಯಾಕ್ಟರ್ ಬೆನ್ನು ಹತ್ತಿದ ಗೋವಕ್ಕಿ

ಮೇಯುತ್ತಿರುವ ಹಸುವಿನ ಹತ್ತಿರ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಹಸು ತಲೆ ತಗ್ಗಿಸಿ ಹುಲ್ಲು ಕೀಳುತ್ತಾ ನಿಧಾನವಾಗಿ ಒಂದು ಹೆಜ್ಜೆ ಇಡುತ್ತದೆ. ಅದರ ಮುಂಗಾಲಿನ ಪಕ್ಕದಲ್ಲೇ, ಗೊರಸಿಗೆ ಒಂದೆರಡು ಗೇಣು ದೂರದಲ್ಲಿ, ಬಿಳಿ ಹಕ್ಕಿಯೊಂದು ನಿಂತಿರುತ್ತದೆ. ಗೊರಸು ಎದ್ದರೆ ಅದೂ ಕಾಲೆತ್ತುತ್ತದೆ. ಗೊರಸು ಊರಿದರೆ ಅದೂ ನಿಲ್ಲುತ್ತದೆ. ಹುಲ್ಲಿನ ಬುಡದಲ್ಲಿ ಅಡಗಿದ್ದ ಮಿಡತೆಯೊಂದು ಹೆದರಿ ಚಂಗನೆ ಹಾರುತ್ತದೆ. ಹಕ್ಕಿ ಕೂಡಲೇ ಎರಗುವುದಿಲ್ಲ. ಕತ್ತನ್ನು ಅತ್ತಿತ್ತ ತೂಗುತ್ತದೆ, ದೂರ ಎಷ್ಟು ಅಂತ ಅಳೆಯುತ್ತಿರುವ ಹಾಗೆ. ಆಮೇಲೆ ಒಂದೇ ಏಟು. ಮಿಡತೆ ಕೊಕ್ಕಿನಲ್ಲಿ ಸಿಕ್ಕಿಬಿದ್ದಿರುತ್ತದೆ. ಒಮ್ಮೆ ಕೊಡವಿ, ತಲೆ ಮೇಲೆತ್ತಿ, ಗುಳಕ್ಕನೆ ನುಂಗಿ ಮತ್ತೆ ಗೊರಸಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ.

ಈ ಹಕ್ಕಿಯೇ ಗೋವಕ್ಕಿ. ಬಿಳಿಯಾಗಿ ಕಾಣುವ ಉದ್ದ ಕಾಲಿನ ಹಕ್ಕಿಗಳನ್ನೆಲ್ಲ ನಾವು ಬೆಳ್ಳಕ್ಕಿ ಅಂತ ಒಟ್ಟಾಗಿ ಕರೆದುಬಿಡುತ್ತೇವೆ. ಆದರೆ ಇದರ ಬದುಕು ಉಳಿದ ಬೆಳ್ಳಕ್ಕಿಗಳ ಹಾಗಲ್ಲ. ಅವು ನೀರನ್ನು ನಂಬಿಕೊಂಡಿವೆ. ಇದು ನಡೆಯುವ ದೊಡ್ಡ ಮೈಯನ್ನು ನಂಬಿಕೊಂಡಿದೆ. ಈ ಹಕ್ಕಿಯ ಬಗ್ಗೆ ಈಗ ಬರೆಯುವುದಕ್ಕೂ ಅದೇ ಕಾರಣ. ಎಷ್ಟೋ ಕಡೆ ಹೊಲದಿಂದ ದನ ಕಾಣೆಯಾಗುತ್ತಿವೆ. ದನ ಹೋದರೂ ಗೋವಕ್ಕಿ ಹೋಗಿಲ್ಲ. ಟ್ರ್ಯಾಕ್ಟರ್ ಹಿಂದೆ ನಡೆಯುತ್ತದೆ, ಕಸದ ರಾಶಿಯ ಮೇಲೆ ಓಡಾಡುತ್ತದೆ, ಹುಲ್ಲಿಗೆ ಬೆಂಕಿ ಬಿದ್ದರೆ ಅಲ್ಲಿಗೂ ಬರುತ್ತದೆ. ಹಿಂಡು ಹಿಂಡಾಗಿ ಕಾಣುವ ಈ ಬಿಳಿ ಹಕ್ಕಿಗಳನ್ನು ನೋಡಿ 'ಸದ್ಯ, ಹಕ್ಕಿಗಳಿಗಂತೂ ಏನೂ ಕೊರತೆಯಿಲ್ಲ' ಅಂದುಕೊಳ್ಳುವವರು ಬಹಳ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೊದಲು ಹಕ್ಕಿಯ ಮೈಕಟ್ಟನ್ನೇ ನೋಡಬೇಕು.

ನೆಲಕ್ಕೆ ಇಳಿದ ಬಕ

ಗೋವಕ್ಕಿ ಬಕಗಳ ಕುಟುಂಬಕ್ಕೆ ಸೇರಿದ್ದು. ಆದರೆ ಬಕ ಅಂದ ಕೂಡಲೇ ಕಣ್ಣಿಗೆ ಬರುವ ನೀಳ ಕತ್ತು ಇದಕ್ಕಿಲ್ಲ. ಕೊಕ್ಕಿನಿಂದ ಬಾಲದ ತುದಿಯವರೆಗೆ 46ರಿಂದ 56 ಸೆಂಟಿಮೀಟರ್ ಉದ್ದ. ರೆಕ್ಕೆ ಬಿಚ್ಚಿದರೆ 88ರಿಂದ 96 ಸೆಂಟಿಮೀಟರ್ ಅಗಲ. ತೂಕ ಸುಮಾರು 270ರಿಂದ 510 ಗ್ರಾಂ ಅಷ್ಟೇ. ದೊಡ್ಡ ಬೆಳ್ಳಕ್ಕಿ ನೆಟ್ಟಗೆ ನಿಂತರೆ ಸುಮಾರು ಒಂದು ಮೀಟರ್ ಎತ್ತರ ಬರುತ್ತದೆ. ಅದರ ಪಕ್ಕದಲ್ಲಿ ಗೋವಕ್ಕಿ ಗಿಡ್ಡ, ದಪ್ಪ, ಸ್ವಲ್ಪ ಗೂನು ಬೆನ್ನಿನ ಹಕ್ಕಿ. ಕತ್ತನ್ನು ಭುಜದೊಳಗೆ ಎಳೆದುಕೊಂಡು ಕುಳಿತರೆ ಚಳಿಗೆ ಮುದುಡಿ ಕುಳಿತವರ ಹಾಗೆ ಕಾಣುತ್ತದೆ.

ಗುರುತು ಹಿಡಿಯಲು ಕೊಕ್ಕು ಮತ್ತು ಕಾಲು ನೋಡಿದರೆ ಸಾಕು. ಗೋವಕ್ಕಿಯ ಕೊಕ್ಕು ಹಳದಿ, ಗಿಡ್ಡ, ಗಟ್ಟಿ. ಚಿಕ್ಕ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲೂ ಕಪ್ಪು, ಪಾದ ಮಾತ್ರ ಹಳದಿ. ಕಪ್ಪು ಬೂಟಿಗೆ ಹಳದಿ ತಳ ಹಾಕಿದ ಹಾಗೆ. ಮಧ್ಯಮ ಗಾತ್ರದ ಬೆಳ್ಳಕ್ಕಿಗೂ ಹಳದಿ ಕೊಕ್ಕು ಇರುತ್ತದೆ, ಹಾಗಾಗಿ ದೂರದಿಂದ ನೋಡಿದಾಗ ಗೊಂದಲ ಆಗುವುದು ಸಹಜ. ಆಗ ಗದ್ದ ನೋಡಬೇಕು. ಗೋವಕ್ಕಿಯ ಕೆಳಕೊಕ್ಕಿನ ಅಡಿಯಲ್ಲಿ ಗರಿಗಳು ಮುಂದಕ್ಕೆ ಬಂದು ಗದ್ದ ಉಬ್ಬಿದ ಹಾಗೆ ಕಾಣುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಮರೆಯಲು ಆಗುವುದಿಲ್ಲ. ಒಂದು ಎಚ್ಚರ: ಮರಿ ಗೋವಕ್ಕಿಯ ಕೊಕ್ಕು ಮೊದಮೊದಲು ಕಪ್ಪಾಗಿರುತ್ತದೆ.

ಗೂಡು ಕಟ್ಟುವ ಕಾಲ ಬಂದರೆ ಇದೇ ಹಕ್ಕಿ ಬೇರೆಯೇ ಆಗಿಬಿಡುತ್ತದೆ. ತಲೆ, ಎದೆ, ಬೆನ್ನಿನ ಮೇಲೆ ಕಿತ್ತಳೆ ಬೆರೆತ ಹೊಂಬಣ್ಣದ ಗರಿಗಳು ಮೂಡುತ್ತವೆ. ಜೋಡಿಯಾಗುವ ಮುಂಚಿನ ಕೆಲವೇ ದಿನ ಕೊಕ್ಕು, ಕಾಲು, ಕಣ್ಣು ಎಲ್ಲ ಕೆಂಪಗೆ ಕಾದ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಜೋಡಿ ಕೂಡಿದ ಮೇಲೆ ಆ ಕೆಂಪು ಇಳಿಯುತ್ತದೆ. ಅಷ್ಟು ಕಡಿಮೆ ದಿನ ಇರುವುದರಿಂದ ಅದನ್ನು ನೋಡಿದವರೂ ಕಡಿಮೆ.

ಈ ಹೊಂಬಣ್ಣ ಎಲ್ಲಿಯವರೆಗೆ ಹಬ್ಬಿದೆ ಅನ್ನುವುದರ ಮೇಲೂ ಒಂದು ಚರ್ಚೆ ನಡೆದಿದೆ. ದಕ್ಷಿಣ ಮತ್ತು ಪೂರ್ವ ಏಷ್ಯಾ, ಆಸ್ಟ್ರೇಲಿಯಾದ ಗೋವಕ್ಕಿಗಳಲ್ಲಿ ಅದು ಕೆನ್ನೆ, ಗಂಟಲಿನವರೆಗೂ ಬರುತ್ತದೆ, ಕೊಕ್ಕು ಮತ್ತು ಕಾಲು ಸ್ವಲ್ಪ ಉದ್ದ. ಆಫ್ರಿಕಾ, ಯುರೋಪ್, ಅಮೆರಿಕದ ಹಕ್ಕಿಗಳಲ್ಲಿ ಬಣ್ಣ ನೆತ್ತಿ, ಎದೆ, ಬೆನ್ನಿಗೆ ನಿಲ್ಲುತ್ತದೆ. ಹಾಗಾಗಿ ಪೂರ್ವದ್ದು, ಪಶ್ಚಿಮದ್ದು ಅಂತ ಇವನ್ನು ಎರಡು ಪ್ರಭೇದಗಳಾಗಿ ಎಣಿಸುವ ಪಟ್ಟಿಗಳು ಈಗ ಇವೆ. ಪೂರ್ವದ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿ ಬರುವ ಕೊರೊಮಾಂಡಸ್ ಅನ್ನುವುದು ಕೋರಮಂಡಲ ಕರಾವಳಿಯಿಂದ ಬಂದದ್ದು. ಬುಬಲ್ಕಸ್ ಅನ್ನುವ ಇನ್ನೊಂದು ಪದಕ್ಕೆ ಲ್ಯಾಟಿನ್‌ನಲ್ಲಿ ದನ ಕಾಯುವವನು ಅಂತ ಅರ್ಥ. ಗೋವಕ್ಕಿ ಅಂತ ಹೆಸರಿಟ್ಟ ನಮ್ಮವರೂ, ಬುಬಲ್ಕಸ್ ಅಂತ ಹೆಸರಿಟ್ಟ ಅವರೂ ನೋಡಿದ್ದು ಒಂದೇ ದೃಶ್ಯ ಅಲ್ವಾ?

ಮೈಕಟ್ಟಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಕಣ್ಣು. ನೀರಿನಲ್ಲಿ ಇಳಿಬಿಟ್ಟ ಕೋಲು ಬಾಗಿದ ಹಾಗೆ ಕಾಣುತ್ತದಲ್ಲ, ಹಾಗೆಯೇ ನೀರೊಳಗಿನ ಮೀನು ಇರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಬೇರೆ ಬಕಗಳು ಈ ವ್ಯತ್ಯಾಸವನ್ನು ಲೆಕ್ಕ ಹಾಕಿಯೇ ಕೊಕ್ಕು ಹಾಕುತ್ತವೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗೋವಕ್ಕಿಯನ್ನೂ ಬೇರೆ ಬಕಗಳನ್ನೂ ಹೋಲಿಸಿ ನೋಡಿದರು. ಗೋವಕ್ಕಿ ಈ ಲೆಕ್ಕದಲ್ಲಿ ಹಿಂದೆ ಬಿದ್ದಿತ್ತು. ನೀರೊಳಗಿನ ಬೇಟೆಗೆ ಅದರ ಗುರಿ ಜಾಸ್ತಿ ತಪ್ಪುತ್ತಿತ್ತು. ಅಂದರೆ ಇದು ನೀರು ಸಿಗದೆ ಹುಲ್ಲಿಗೆ ಬಂದ ಹಕ್ಕಿಯಲ್ಲ. ಹುಲ್ಲುಗಾವಲಿನ ಬದುಕಿಗೆ ಎಷ್ಟು ಒಗ್ಗಿದೆ ಅಂದರೆ ನೀರಿನ ಕಸುಬು ಅದರ ಕೈ ಬಿಟ್ಟುಹೋಗಿದೆ. ಆಳವಿಲ್ಲದ ನೀರಿನಲ್ಲಿ ಆಗಾಗ ಮೇಯುತ್ತದೆ ನಿಜ. ಆದರೆ ಅದರ ನಿಜವಾದ ಮನೆ ಒಣ ಹುಲ್ಲು.

ಗಿಡ್ಡ ಕತ್ತು, ಗಟ್ಟಿ ಕೊಕ್ಕು, ನೆಲದ ಮೇಲೆ ಬಿರಬಿರನೆ ನಡೆಯುವ ಕಾಲು, ನೆಲದ ಬೇಟೆಗೆ ಒಗ್ಗಿದ ಕಣ್ಣು. ಇವನ್ನೆಲ್ಲ ಸೇರಿಸಿ ನೋಡಿದರೆ, ನೀರಿನ ಅಂಚಿನಲ್ಲಿ ತಪಸ್ಸಿಗೆ ಕುಳಿತ ಹಾಗೆ ಕಾಯುವ ಬಕ ಇದಲ್ಲ ಅನ್ನುವುದು ಗೊತ್ತಾಗುತ್ತದೆ. ಇದು ನಡೆದು ತಿನ್ನುವ ಬಕ.

ಹೆಜ್ಜೆಯ ಲೆಕ್ಕ

ಹಾಗಾದರೆ ಒಂಟಿಯಾಗಿ ನಡೆದು ತಿನ್ನಬಹುದಲ್ಲ, ಹಸು ಯಾಕೆ ಬೇಕು? ಹುಲ್ಲಿನಲ್ಲಿರುವ ಮಿಡತೆ ಅಲ್ಲಾಡದಿದ್ದರೆ ಕಾಣುವುದಿಲ್ಲ, ಅದಕ್ಕೆ. ಮಿಡತೆಗೂ ಅದು ಗೊತ್ತು. ಹಕ್ಕಿ ಹತ್ತಿರ ಬಂದರೆ ಹುಲ್ಲಿನ ಕಡ್ಡಿಗೆ ಅಂಟಿಕೊಂಡು ಕೂತುಬಿಡುತ್ತದೆ. ಹಸುವಿನ ಗೊರಸು ಬಂದರೆ ಹಾಗೆ ಕೂರಲು ಆಗುವುದಿಲ್ಲ, ತುಳಿದು ಹೋಗುತ್ತದೆ. ಹಾರಲೇಬೇಕು. ಹಾರಿದರೆ ಹಕ್ಕಿ ಕಾದಿರುತ್ತದೆ. ದನದ ಜೊತೆ ಮೇಯುವ ಗೋವಕ್ಕಿಗೆ ಒಂಟಿಯಾಗಿ ಮೇಯುವ ಗೋವಕ್ಕಿಗಿಂತ 3.6 ಪಟ್ಟು ಹೆಚ್ಚು ಬೇಟೆ ಸಿಗುತ್ತದೆ ಅನ್ನುವುದನ್ನು ಎಣಿಸಿಯೇ ನೋಡಿದ್ದಾರೆ. ಅದರ ಮೇಲೆ ನಡೆದಾಡುವ ಶ್ರಮವೂ ಉಳಿಯುತ್ತದೆ.

ಎಲ್ಲ ಪ್ರಾಣಿಯ ಹಿಂದೆಯೂ ಇದು ಹೋಗುವುದಿಲ್ಲ. ಒಂದು ನಿಮಿಷಕ್ಕೆ 5ರಿಂದ 15 ಹೆಜ್ಜೆ ಇಡುವ ಪ್ರಾಣಿಗಳನ್ನೇ ಆರಿಸಿಕೊಳ್ಳುತ್ತದೆ. ಅಂದರೆ ನಾಲ್ಕರಿಂದ ಹನ್ನೆರಡು ಸೆಕೆಂಡಿಗೆ ಒಂದು ಹೆಜ್ಜೆ. ಅದಕ್ಕಿಂತ ನಿಧಾನವಾದರೆ ಹುಳುಗಳು ಏಳುವುದಿಲ್ಲ. ಅದಕ್ಕಿಂತ ಜೋರಾದರೆ ಹಿಡಿಯಲು ಪುರುಸೊತ್ತಿಲ್ಲ, ಹಿಂದೆ ಓಡುವುದರಲ್ಲೇ ಸುಸ್ತು. ಆಫ್ರಿಕಾದ ಬಯಲಿನಲ್ಲಿ ಕಾಡೆಮ್ಮೆ, ಜೀಬ್ರಾ, ವೈಲ್ಡ್‌ಬೀಸ್ಟ್‌ಗಳ ಜೊತೆ ಕಾಣುವುದು ಇದಕ್ಕೇ. ಮೇಯುವ ಹಸುವಿನ ನಡಿಗೆಯೂ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಮನುಷ್ಯ ದನ ಸಾಕಲು ಶುರು ಮಾಡುವುದಕ್ಕೆ ಬಹಳ ಮುಂಚೆಯೇ ಈ ಹಕ್ಕಿ ಕಾಡುಪ್ರಾಣಿಗಳ ಹಿಂದೆ ನಡೆಯುವುದನ್ನು ಕಲಿತಿತ್ತು. ಆಮೇಲೆ ಸಾಕಿದ ದನಕ್ಕೆ ಬದಲಾಯಿಸಿಕೊಂಡಿತು.

ಹಸುವಿನ ಸುತ್ತಲೂ ಎಲ್ಲ ಜಾಗ ಒಂದೇ ಬೆಲೆಯದ್ದಲ್ಲ. ತಲೆ ಮತ್ತು ಮುಂಗಾಲಿನ ಹತ್ತಿರದ ಜಾಗವೇ ಒಳ್ಳೆಯ ಜಾಗ. ಹುಳುಗಳು ಮೊದಲು ಏಳುವುದು ಅಲ್ಲಿ. ಜೋರಿರುವ ಹಕ್ಕಿ ಅಲ್ಲಿ ನಿಲ್ಲುತ್ತದೆ, ಉಳಿದವು ಹಿಂದೆ, ಪಕ್ಕಕ್ಕೆ. ಇನ್ನೊಂದು ಗೋವಕ್ಕಿ ಹತ್ತಿರ ಬಂದರೆ ಕತ್ತು ಚಾಚಿ ಗದರಿಸುತ್ತದೆ. ಆದರೆ ಬಹಳ ಹೊತ್ತು ಜಗಳ ಕಾಯುವುದಿಲ್ಲ. ಹಕ್ಕಿಗಳು ಮುತ್ತಿಕೊಂಡರೆ ಆ ಹಸುವನ್ನು ಬಿಟ್ಟು ಇನ್ನೊಂದರ ಹತ್ತಿರ ಹೋಗುತ್ತದೆ. ಜಗಳ ಆಡುತ್ತಾ ನಿಂತರೆ ಹೊಟ್ಟೆ ತುಂಬುವುದಿಲ್ಲವಲ್ಲ.

ತಿನ್ನುವುದೇನು? ಮಿಡತೆ, ಚಿಮ್ಮಂಡೆ, ನೊಣ, ನೊಣದ ಮರಿಹುಳು, ಪತಂಗ, ಕಂಬಳಿಹುಳು, ಜೇಡ, ಎರೆಹುಳು, ಕಪ್ಪೆ, ಹಲ್ಲಿ ಜಾತಿಯ ಸಣ್ಣ ಪ್ರಾಣಿಗಳು. ಈ ಪಟ್ಟಿಯಲ್ಲಿ ಮಿಡತೆಗೇ ಮೊದಲ ಜಾಗ. ಆದರೆ ಜೇಡ, ಕಪ್ಪೆ, ಎರೆಹುಳುಗಳನ್ನೂ ಗಮನಿಸಿ. ಬೆಳೆ ತಿನ್ನುವ ಹುಳುಗಳನ್ನು ಹಿಡಿಯುವ ಜೇಡ ಮತ್ತು ಕಪ್ಪೆಯೂ ಇದರ ಹೊಟ್ಟೆಗೆ ಹೋಗುತ್ತವೆ, ಮಣ್ಣು ಹದ ಮಾಡುವ ಎರೆಹುಳುವೂ ಹೋಗುತ್ತದೆ. ಗೋವಕ್ಕಿ ರೈತನ ಸ್ನೇಹಿತ ಅನ್ನುವ ಮಾತು ಸುಳ್ಳಲ್ಲ. ಆದರೆ ಸ್ನೇಹಕ್ಕಾಗಿ ಅದು ಹೊಲಕ್ಕೆ ಬರುವುದಿಲ್ಲ, ಕಂಡದ್ದನ್ನು ತಿನ್ನಲು ಬರುತ್ತದೆ.

ಉಣ್ಣೆಯ ಮಾತು

ಗೋವಕ್ಕಿ ಹಸುವಿನ ಮೈಮೇಲೆ ಕುಳಿತಿರುವ ಚಿತ್ರ ಎಲ್ಲರಿಗೂ ಪರಿಚಯ. ಅದು ದನದ ರಕ್ತ ಹೀರುವ ಉಣ್ಣೆಹುಳುಗಳನ್ನು ಹೆಕ್ಕುತ್ತಿದೆ ಅಂತ ಶಾಲೆಯಲ್ಲೂ ಕಲಿತಿದ್ದೇವೆ. ಜೊತೆಗಿದ್ದರೆ ಎರಡು ಜೀವಿಗಳಿಗೂ ಲಾಭ ಅನ್ನುವ ಪಾಠಕ್ಕೆ ಇದೇ ಉದಾಹರಣೆ. ನಿಜ ಸ್ವಲ್ಪ ಬೇರೆ. ಗೋವಕ್ಕಿ ಉಣ್ಣೆ ತಿನ್ನುವುದುಂಟು, ಆದರೆ ಅದು ಅದರ ಊಟದಲ್ಲಿ ತೀರಾ ಸಣ್ಣ ಪಾಲು. ಹಸುವಿನ ಬೆನ್ನು ಅದಕ್ಕೆ ಜಾಸ್ತಿ ಹೊತ್ತು ಕಾವಲು ಕಟ್ಟೆ, ಕೂತು ನೋಡುವ ಜಾಗ. ಹಸುವಿನ ಮೈಮೇಲಿನ ನೊಣಗಳನ್ನು ಹೆಕ್ಕಿ ಕಡಿಮೆ ಮಾಡುತ್ತದೆ ಅನ್ನುವುದನ್ನು ಆಸ್ಟ್ರೇಲಿಯಾದಲ್ಲಿ ನೋಡಿದ್ದಾರೆ, ಅಷ್ಟು ಉಪಕಾರ ಇದೆ. ಒಟ್ಟಿನಲ್ಲಿ ಲಾಭವೆಲ್ಲ ಹಕ್ಕಿಯ ಕಡೆಗೇ. ಹಸುವಿಗೆ ಹೆಚ್ಚೇನೂ ನಷ್ಟವಿಲ್ಲ, ಹೆಚ್ಚೇನೂ ಲಾಭವೂ ಇಲ್ಲ.

ಅರಬ್ಬಿ ಭಾಷೆಯಲ್ಲಿ ಗೋವಕ್ಕಿಗೆ ಅಬು ಕಿರ್ದಾನ್ ಅನ್ನುತ್ತಾರೆ. ಉಣ್ಣೆಗಳ ಅಪ್ಪ ಅಂತ ಅರ್ಥ. ದನದ ಉಣ್ಣೆ ತಿನ್ನುವುದರಿಂದ ಆ ಹೆಸರು ಬಂತೇನೋ ಅನ್ನಿಸುತ್ತದೆ. ಹಾಗಲ್ಲ. ಸಾವಿರಗಟ್ಟಲೆ ಗೂಡುಗಳಿರುವ ಇದರ ಮರಗಳಲ್ಲಿ ಹಕ್ಕಿಗಳಿಗೆ ಹತ್ತುವ ಉಣ್ಣೆಗಳು ವಿಪರೀತ. ಹೆಸರು ಬಂದದ್ದು ಅದರಿಂದ. ಗೂಡಿನ ಮರದ ಕೆಳಗೆ ಓಡಾಡಿದವರು ಇಟ್ಟ ಹೆಸರು ಅದು.

ಈ ಉಪಕಾರಿ ಹಕ್ಕಿ ಅನ್ನುವ ನಂಬಿಕೆ ದುಬಾರಿಯಾದ ಕಡೆಗಳೂ ಇವೆ. 1959ರಲ್ಲಿ ಹವಾಯಿ ದ್ವೀಪಗಳಿಗೆ ಗೋವಕ್ಕಿಗಳನ್ನು ತಂದು ಬಿಟ್ಟರು. ದನಗಳಿಗೆ ನೊಣಗಳ ಕಾಟ ಕಡಿಮೆಯಾಗಲಿ ಅನ್ನುವುದು ಉದ್ದೇಶ. ಹಕ್ಕಿಗಳು ನೆಲೆಯೂರಿದವು, ಹೆಚ್ಚಿದವು. ಆಮೇಲೆ ನೆಲದ ಮೇಲೆ ಮೊಟ್ಟೆಯಿಡುವ ಅಲ್ಲಿನ ಹಕ್ಕಿಗಳ ಮರಿಗಳಿಗೆ ಕೊಕ್ಕು ಹಾಕಿದವು. ವಿಮಾನ ನಿಲ್ದಾಣಗಳಲ್ಲಿ ಹುಲ್ಲು ಕತ್ತರಿಸುವಾಗ ಹಿಂಡುಗಟ್ಟಿ ಬಂದು ವಿಮಾನಕ್ಕೆ ಅಡ್ಡಬಂದವು. 2017ರಲ್ಲಿ ಅಮೆರಿಕ ಸರ್ಕಾರವೇ ಹವಾಯಿಯಲ್ಲಿ ಇವುಗಳ ಸಂಖ್ಯೆ ತಗ್ಗಿಸಲು ಆದೇಶ ಹೊರಡಿಸಬೇಕಾಯಿತು. ಸೆಶೆಲ್ಸ್ ದ್ವೀಪಗಳಲ್ಲೂ ನೊಣ ಹತೋಟಿಗೆ ಅಂತ ಇದನ್ನು ತಂದಿದ್ದರು. ನೊಣ ಹತೋಟಿಗೆ ಬರಲಿಲ್ಲ. ಅಲ್ಲಿನ ಕಡಲಹಕ್ಕಿಗಳ ಮೊಟ್ಟೆ, ಮರಿ ಇದರ ಪಾಲಾದವು. ಮರಿಗಳನ್ನು ಅಟ್ಟಿಸಿಕೊಂಡು ಹೋಗಿ, ಅವು ಹೆದರಿ ಕಕ್ಕಿದ್ದನ್ನು ತಿನ್ನುವುದನ್ನೂ ಅಲ್ಲಿ ಕಂಡಿದ್ದಾರೆ.

ಇದರಲ್ಲಿ ಹಕ್ಕಿಯ ತಪ್ಪೇನಿಲ್ಲ. ಅದು ಎಲ್ಲಿಗೆ ಹೋದರೂ ಒಂದೇ ಕೆಲಸ ಮಾಡುತ್ತದೆ, ಅಲುಗಾಡುವ ಸಣ್ಣದ್ದನ್ನು ಹಿಡಿದು ನುಂಗುತ್ತದೆ. ದ್ವೀಪದಲ್ಲಿ ಅಲುಗಾಡುತ್ತಿದ್ದದ್ದು ಹಕ್ಕಿಮರಿ. ಒಂದು ಪ್ರಾಣಿಯನ್ನು 'ಉಪಕಾರಿ' ಅಂತ ಹಣೆಪಟ್ಟಿ ಕಟ್ಟಿ ಬೇರೆ ಕಡೆ ಒಯ್ದು ಬಿಟ್ಟವರ ಲೆಕ್ಕವೇ ತಪ್ಪಿತ್ತು.

ದನ ಹೋದಲ್ಲೆಲ್ಲ

ಮನುಷ್ಯ ಒಯ್ಯದಿದ್ದರೂ ಗೋವಕ್ಕಿ ತಾನಾಗಿ ಹೋದ ದೂರ ಬೆರಗು ಹುಟ್ಟಿಸುತ್ತದೆ. 1877ರಲ್ಲಿ ದಕ್ಷಿಣ ಅಮೆರಿಕದ ಗಯಾನಾ–ಸುರಿನಾಮ್ ಗಡಿಯಲ್ಲಿ ಇದು ಮೊದಲ ಸಲ ಕಂಡಿತು. ಆಫ್ರಿಕಾದಿಂದ ಅಟ್ಲಾಂಟಿಕ್ ಸಾಗರ ದಾಟಿ ಬಂದದ್ದು ಅನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡ ಮಾತು. ಆದರೂ ಅಲ್ಲಿ ಬೇರೂರಿದ್ದು 1930ರ ದಶಕದಲ್ಲಿ. 1953ರಲ್ಲಿ ಫ್ಲೋರಿಡಾದಲ್ಲಿ ಗೂಡು ಕಟ್ಟಿತು. 1962ರ ಹೊತ್ತಿಗೆ ಕೆನಡಾದಲ್ಲೂ ಮರಿ ಮಾಡಿತು. ಆಸ್ಟ್ರೇಲಿಯಾಕ್ಕೆ 1930ರ ದಶಕದಲ್ಲಿ ಜನ ತಂದು ಬಿಟ್ಟ ಹಕ್ಕಿಗಳು ಉಳಿಯಲಿಲ್ಲ. 1940ರ ದಶಕದಲ್ಲಿ ತಾವಾಗಿ ಬಂದವು ಉಳಿದವು. ಬ್ರಿಟನ್‌ನಲ್ಲಿ ಮೊದಲ ಗೂಡು ಕಂಡಿದ್ದು 2008ರಲ್ಲಿ.

ಇಷ್ಟು ಬೇಗ, ಇಷ್ಟು ದೂರ ಹಬ್ಬಿದ ಹಕ್ಕಿಗಳು ಕಡಿಮೆ. ರೆಕ್ಕೆಯ ಬಲ ಒಂದೇ ಇದಕ್ಕೆ ಕಾರಣ ಅಲ್ಲ. ಮೊದಲು ಬಂದ ಹಕ್ಕಿಗೂ ಬೇರೂರಿದ ಹಿಂಡಿಗೂ ನಡುವೆ ಅರ್ಧ ಶತಮಾನ ಇದೆ ನೋಡಿ. ಕಾಡು ಕಡಿದು ಹುಲ್ಲುಗಾವಲು ಮಾಡಿದ್ದು, ಅಲ್ಲಿ ದನಗಳನ್ನು ಬಿಟ್ಟಿದ್ದು, ಬಯಲಿಗೆ ನೀರಾವರಿ ತಂದದ್ದು ಮನುಷ್ಯ. ಹೊಸ ಖಂಡದಲ್ಲಿ ಗೋವಕ್ಕಿ ಇಳಿದಾಗ ಅದಕ್ಕೆ ಬೇಕಾದ ಊಟದ ಎಲೆ ಮೊದಲೇ ಹಾಸಿಟ್ಟಿತ್ತು. ಅಂದರೆ ಗೋವಕ್ಕಿ ಹಬ್ಬಿದ ಕಥೆ ಮತ್ತು ಕಾಡು ಬಯಲಾದ ಕಥೆ ಎರಡೂ ಒಂದೇ. ಒಂದರಲ್ಲಿ ಹಕ್ಕಿ ಗೆದ್ದಿದೆ. ಇನ್ನೊಂದರಲ್ಲಿ ಎಷ್ಟೋ ಹಕ್ಕಿಗಳು ಸೋತಿವೆ.

ಹೆಚ್ಚಾದ ಗೋವಕ್ಕಿ ಒಳ್ಳೆಯ ಸುದ್ದಿಯೇ ಆಗಬೇಕಿಲ್ಲ ಅನ್ನುವುದನ್ನು ಪೂರ್ವ ಆಫ್ರಿಕಾದ ಮಸಾಯಿ ದನಗಾಹಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಗೋವಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಬಂದು ಸೇರಿದರೆ ಅವರಿಗೆ ಅದು ಬರಗಾಲದ ಮುನ್ಸೂಚನೆ. ಅದನ್ನು ನೋಡಿ ದನಗಳನ್ನು ಬೇರೆ ಕಡೆ ಹೊಡೆಯುವ ತೀರ್ಮಾನ ಮಾಡುತ್ತಾರೆ.

ಈಗ ಟ್ರ್ಯಾಕ್ಟರ್ ವಿಷಯಕ್ಕೆ ಬರೋಣ. ಯಂತ್ರದ ಹಿಂದೆ ಮೇಯುವ ಗೋವಕ್ಕಿಗೆ ಬೇಟೆ ಸಿಗುವುದು ಹೆಚ್ಚುಕಡಿಮೆ ದನದ ಜೊತೆ ಸಿಕ್ಕಷ್ಟೇ. ಆದರೆ ನಡೆಯುವ ಕಷ್ಟ ಜಾಸ್ತಿ. ಟ್ರ್ಯಾಕ್ಟರ್ ಉಳುವುದನ್ನು ಗಮನಿಸಿ ನೋಡಿ. ನೇಗಿಲಿನ ಬಾಯಿಯಿಂದ ಹಸಿ ಮಣ್ಣಿನ ಹೆಂಟೆಗಳು ಮಗುಚಿ ಬೀಳುತ್ತವೆ. ಹೆಂಟೆಯ ಬದಿಯಲ್ಲಿ ಬಿಳಿ ಗೊಣ್ಣೆಹುಳು ಸುರುಳಿ ಸುತ್ತಿಕೊಂಡಿರುತ್ತದೆ, ಅರ್ಧ ತುಂಡಾದ ಎರೆಹುಳು ಒದ್ದಾಡುತ್ತಿರುತ್ತದೆ. ಮುಂದಿರುವ ಹಕ್ಕಿ ಅದನ್ನು ಹೆಕ್ಕುವಷ್ಟರಲ್ಲಿ ಯಂತ್ರ ಹತ್ತು ಮಾರು ಮುಂದೆ ಹೋಗಿರುತ್ತದೆ. ಆಗ ಹಿಂದೆ ಬಿದ್ದ ಹಕ್ಕಿಗಳು ಎದ್ದು, ಮುಂದಿನವುಗಳ ತಲೆ ಮೇಲಿಂದ ಹಾರಿ, ನೇಗಿಲಿನ ಪಕ್ಕಕ್ಕೆ ಇಳಿಯುತ್ತವೆ. ಮತ್ತೆ ಅವು ಹಿಂದೆ ಬೀಳುತ್ತವೆ, ಮತ್ತೆ ಇನ್ನೊಂದು ಸಾಲು ಏಳುತ್ತದೆ. ದೂರದಿಂದ ನೋಡಿದರೆ ಬಿಳಿ ಚಕ್ರವೊಂದು ಹೊಲದ ಉದ್ದಕ್ಕೂ ಉರುಳಿದ ಹಾಗೆ ಇರುತ್ತದೆ. ನೋಡಲು ಚೆಂದ. ಆ ಚೆಂದದ ಹಿಂದೆ ಹಕ್ಕಿಯ ದುಡಿಮೆ ಇದೆ.

ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇನ್ನೊಂದು. ಹಸು ದಿನಾ ನಡೆಯುತ್ತದೆ. ಟ್ರ್ಯಾಕ್ಟರ್ ವರ್ಷದಲ್ಲಿ ಕೆಲವೇ ದಿನ ಉಳುತ್ತದೆ. ಆ ದಿನಗಳಲ್ಲಿ ಹಬ್ಬದೂಟ, ಉಳಿದ ದಿನ ಏನು? ಹಕ್ಕಿಗೆ ಮರಿಗಳಿದ್ದರೆ ಅವಕ್ಕೆ ದಿನವೂ ಹೊಟ್ಟೆ ತುಂಬಬೇಕು. ಆ ಉಳಿದ ದಿನಗಳಿಗೆ ಉತ್ತರವಾಗಿಯೇ ಕಸದ ರಾಶಿ ಬಂದಿದೆ. ಕೊಳೆತ ತರಕಾರಿ, ಮಾಂಸದ ಉಳಿಕೆ ಇದ್ದಲ್ಲಿ ನೊಣ ಇರುತ್ತದೆ, ನೊಣದ ಮರಿಹುಳು ಕುಪ್ಪೆ ಕುಪ್ಪೆಯಾಗಿ ಇರುತ್ತದೆ. ಕಸ ಎತ್ತುವ, ಮಗುಚುವ ಯಂತ್ರ ಅಲ್ಲಿ ಹಸುವಿನ ಕೆಲಸ ಮಾಡುತ್ತದೆ. ಕಸದ ರಾಶಿಗೆ ರಜೆ ಇಲ್ಲ, ಬೇಸಿಗೆ ಮಳೆಗಾಲ ಅನ್ನುವ ಭೇದ ಇಲ್ಲ. ನಗರಗಳ ಅಂಚಿನಲ್ಲಿ ಗೋವಕ್ಕಿ ದಟ್ಟವಾಗಿ ಕಾಣುವುದಕ್ಕೆ ಇದು ದೊಡ್ಡ ಕಾರಣ ಅನ್ನುವುದು ನನ್ನ ಅಭಿಪ್ರಾಯ. ಹುಲ್ಲುಗಾವಲಿನ ಹಕ್ಕಿ ಅಲ್ಲಿ ಬದುಕುತ್ತಿರುವುದು ನಮ್ಮ ಕೊಳೆಯ ಮೇಲೆ.

ಹೊಲದಲ್ಲೇ ಉಳಿದ ಹಕ್ಕಿಗಳ ಕಷ್ಟ ಬೇರೆ ಥರ. ಬೆಳೆಗೆ ಹೊಡೆದ ಔಷಧಿಯಿಂದ ಸಾಯುತ್ತಿರುವ ಮಿಡತೆ ಸರಿಯಾಗಿ ಹಾರಲಾರದು, ಒದ್ದಾಡುತ್ತದೆ. ಒದ್ದಾಡುವುದೇ ಗೋವಕ್ಕಿಯ ಕಣ್ಣಿಗೆ ಮೊದಲು ಬೀಳುವುದು. ಹಾಗಾಗಿ ವಿಷ ತಿಂದ ಹುಳು ಇದರ ಹೊಟ್ಟೆಗೆ ಹೋಗುವುದು ಸುಲಭ. ಹೊಲದಲ್ಲಿ ಎಷ್ಟು ಕೀಟನಾಶಕ ಉಳಿದಿದೆ ಅಂತ ತಿಳಿಯಲು ಗೋವಕ್ಕಿಯ ಮೊಟ್ಟೆ, ಗರಿಗಳನ್ನು ಹಲವು ದೇಶಗಳಲ್ಲಿ ಪರೀಕ್ಷೆ ಮಾಡುತ್ತಾರೆ. ದನ ಇರುವ ಕಡೆಯೂ ಎಲ್ಲ ಮೊದಲಿನಂತಿಲ್ಲ. ದನಕ್ಕೆ ಹಾಕುವ ಐವರ್‌ಮೆಕ್ಟಿನ್ ಥರದ ಜಂತುಹುಳದ ಔಷಧಿ ಸೆಗಣಿಯಲ್ಲೂ ಹೊರಬರುತ್ತದೆ. ಅಂಥ ಸೆಗಣಿಯಲ್ಲಿ ನೊಣದ ಮರಿಗಳು, ಸೆಗಣಿ ಜೀರುಂಡೆಯ ಮರಿಗಳು ಬದುಕುವುದು ಕಷ್ಟ. ಹಸು ಇದೆ, ಹಕ್ಕಿ ಇದೆ, ನಡುವೆ ಇರಬೇಕಾದ ಹುಳು ಕಡಿಮೆಯಾಗುತ್ತದೆ.

ಎಣಿಕೆ ಎಲ್ಲಿ ತಪ್ಪುತ್ತದೆ

ಇಷ್ಟಾದರೂ ಗೋವಕ್ಕಿ ಅಳಿವಿನಂಚಿಗೆ ಬಂದಿಲ್ಲ. ಜಗತ್ತಿನ ಲೆಕ್ಕದಲ್ಲಿ ಅದು ಆತಂಕವಿಲ್ಲದ ಹಕ್ಕಿಗಳ ಪಟ್ಟಿಯಲ್ಲೇ ಇದೆ. ಹಾಗಾದರೆ ತಲೆ ಕೆಡಿಸಿಕೊಳ್ಳುವುದು ಯಾಕೆ? ಹಾರಾಡುವ ಹಕ್ಕಿಗಳನ್ನು ಎಣಿಸಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ, ಅದಕ್ಕೆ. ಉಳಿದ ಅರ್ಧ ಗೂಡಿನಲ್ಲಿದೆ.

ಗೋವಕ್ಕಿ ಬೇರೆ ಬಕಗಳ ಜೊತೆ, ನೀರಿನ ಹತ್ತಿರದ ಮರಗಳಲ್ಲಿ ಒಟ್ಟಾಗಿ ಗೂಡು ಕಟ್ಟುತ್ತದೆ. ಹುಲ್ಲಿಗೆ ಬಂದ ಹಕ್ಕಿಯಾದರೂ ಹೆರಿಗೆಗೆ ಮಾತ್ರ ತವರಿಗೇ ಹೋದ ಹಾಗೆ. ಸಾಮಾನ್ಯವಾಗಿ ಮೂರು ನಾಲ್ಕು ಮೊಟ್ಟೆ, ತಿಳಿನೀಲಿ ಬೆರೆತ ಬಿಳಿ ಬಣ್ಣ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಸುಮಾರು 23 ದಿನಕ್ಕೆ ಮರಿ. ಮೊಟ್ಟೆಗಳು ಒಟ್ಟಿಗೆ ಒಡೆಯುವುದಿಲ್ಲ, ಮೊದಲು ಹುಟ್ಟಿದ ಮರಿ ದೊಡ್ಡದಾಗಿರುತ್ತದೆ, ಕೊನೆಯದು ಪುಟ್ಟದಾಗಿರುತ್ತದೆ. ಅಪ್ಪ ಅಮ್ಮ ತಂದ ಊಟಕ್ಕೆ ಒಂದರ ಮೇಲೊಂದು ಬೀಳುತ್ತವೆ. ಊಟ ಕಡಿಮೆಯಾದರೆ ಸಾಯುವುದು ಕೊನೆಯ ಮರಿ. ಈ ಹಕ್ಕಿಯ ಗೂಡುಗಳಲ್ಲಿ ಮರಿಗಳ ಸಾವಿಗೆ ಮುಖ್ಯ ಕಾರಣ ಹಸಿವು. ದಕ್ಷಿಣ ಆಫ್ರಿಕಾದಲ್ಲಿ ಗಮನಿಸಿದ ಗೂಡುಗಳಲ್ಲಿ ಮೂರನೆಯ, ನಾಲ್ಕನೆಯ ಮರಿಗಳು ಉಳಿಯುತ್ತಲೇ ಇರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಮಿಡತೆಯಲ್ಲಿ ಮೂಳೆ ಇಲ್ಲ. ಬೆಳೆಯುವ ಮರಿಗೆ ಸುಣ್ಣದಂಶ ಬೇಕು, ಅದು ಕಪ್ಪೆ, ಹಲ್ಲಿಗಳಂಥ ಮೂಳೆಯಿರುವ ಬೇಟೆಯಿಂದ ಸಿಗುತ್ತದೆ. ಕಪ್ಪೆಗಳು ಕಡಿಮೆ ಇರುವ ಒಣ ಪ್ರದೇಶಗಳಲ್ಲಿ ಗೋವಕ್ಕಿ ಮರಿಗಳ ಮೂಳೆ ಸರಿಯಾಗಿ ಬೆಳೆಯದೆ ಸೊಟ್ಟಗಾಗಬಹುದು. ಹೊಟ್ಟೆ ತುಂಬಿರುತ್ತದೆ, ಕಾಲು ಮಾತ್ರ ನಿಲ್ಲುವುದಿಲ್ಲ. ಕೆರೆ, ಹಳ್ಳ, ಜೌಗು ಒಣಗಿದ ಕಡೆ, ಕಪ್ಪೆ ಇಲ್ಲವಾದ ಕಡೆ, ಟ್ರ್ಯಾಕ್ಟರ್ ಎಷ್ಟೇ ಎರೆಹುಳು ಎಬ್ಬಿಸಿದರೂ ಈ ಕೊರತೆ ತುಂಬುವುದಿಲ್ಲ. ಕಸದ ರಾಶಿಯ ಮೆತ್ತಗಿನ ಹುಳುವಿನಿಂದಲೂ ತುಂಬುವುದಿಲ್ಲ.

ಹಾಗಾಗಿ ಸಂಜೆ ಮರಕ್ಕೆ ಮರಳುವ ಬಿಳಿ ಸಾಲುಗಳನ್ನು ಎಣಿಸಿ ನೆಮ್ಮದಿ ಪಡುವುದು ಬೇಡ ಅಂತ ನನಗೆ ಅನ್ನಿಸುವುದು. ಹಾರುತ್ತಿರುವವು ಬದುಕಿ ಉಳಿದವು, ಹಬ್ಬಿದ ಜಾಗಗಳಿಂದ ಬಂದು ಸೇರಿದವು. ಅವು ಏನು ತಿಂದು ಬರುತ್ತಿವೆ ಅನ್ನುವುದು ಆ ಎಣಿಕೆಯಲ್ಲಿ ಇಲ್ಲ. ಅದನ್ನು ತಿಳಿಯಲು ಹಕ್ಕಿ ಅಧ್ಯಯನ ಮಾಡುವವರಿಗೆ ಒಂದು ದಾರಿ ಇದೆ. ಗೂಡಿನ ಹತ್ತಿರ ಯಾರಾದರೂ ಬಂದರೆ ಗೋವಕ್ಕಿ ಮರಿಗಳು ಹೆದರಿ ತಿಂದದ್ದನ್ನು ಕಕ್ಕುತ್ತವೆ. ಆ ಉಂಡೆಯನ್ನು ಒಂದು ತಟ್ಟೆಗೆ ಹಾಕಿ, ನೀರು ಬೆರೆಸಿ, ಚಿಮಟದಿಂದ ಒಂದೊಂದಾಗಿ ಬಿಡಿಸುತ್ತಾರೆ. ಮಿಡತೆಯ ಹಿಂಗಾಲು, ಜೀರುಂಡೆಯ ರೆಕ್ಕೆಚಿಪ್ಪು, ಕಪ್ಪೆಯ ಸಣ್ಣ ತೊಡೆಮೂಳೆ. ಎಲ್ಲವನ್ನೂ ಬೇರೆ ಬೇರೆ ಇಟ್ಟು ಎಣಿಸುತ್ತಾರೆ.